ಟುಟ್‌ಲಿಂಗೆನ್ನಿಗೆ ಒಯ್ದ ಮುಳ್ಳು

ಬಳ್ಳಾರಿ

ಜರ್ಮನಿಗೆ ಹೋಗಬೇಕಾಗಿದ್ದವರು ಡಾಕ್ಟರ್ ವಸುಂಧರಾ ಮೇಡಂ. ನಾನು ಅವರ ಜೊತೆಗೆ ಹೋಗಿ ಬರುವವಳು, ಅಷ್ಟೆ. ಹೊರಡಲು ನಾಲ್ಕು ದಿನ ಇದೆ ಎನ್ನುವಾಗ ಮೇಡಂ ಅವರ ತಾಯಿಗೆ ಲಕ್ವ ಹೊಡೆಯಿತು. ಮರುದಿನ ಬೆಳಿಗ್ಗೆ ನಾನು ಆಪರೇಷನ್ ಥಿಯೇಟರಿನಲ್ಲಿ ಹಸಿರು ಬಟ್ಟೆ ಮಡಚುತ್ತಿದ್ದಾಗ ಅವರು ಬಂದು ಬಾಗಿಲಿಗೆ ಒರಗಿ ನಿಂತರು.

"ಸಿಸ್ಟರ್, ನೀವ ಹೋಗ್ರಿ," ಎಂದರು.

"ನಾನೊಬ್ಬಾಕಿನಾ? ಅಲ್ಲಿ ಹೋಗಿ ಏನ್ ಮಾತಾಡ್ಲಿ ಮೇಡಂ? ನಂಗ ಇಂಗ್ಲಿಷು ಸರಿಯಾಗಿ ಬರಂಗಿಲ್ಲ."

"ಆ ಸಾಮಾನು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ನಾನು ಹಿಡಿದು ಆಪರೇಷನ್ ಮಾಡ್ತೀನಿ, ಖರೆ. ತೊಳದು, ಒರಸಿ, ನೋಡಿ ಇಡಾಕಿ ನೀವು."

ನನ್ನ ಹೆಸರು ಗೌತಮಿ. ಹುಟ್ಟಿದ್ದು ಸಿರುಗುಪ್ಪದಲ್ಲಿ. ಅಪ್ಪ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತ ನನ್ನನ್ನು ನರ್ಸಿಂಗ್ ಓದಿಸಿದ. ನಾನು ಚಿಕ್ಕವಳಿದ್ದಾಗಲೇ ನಮ್ಮ ಮನೆಯವರು ಬೌದ್ಧರಾದರು. ಬೆಳಿಗ್ಗೆ ಪಂಚಶೀಲ ಹೇಳಿಯೇ ಹೊಸ್ತಿಲು ದಾಟಬೇಕು ಎನ್ನುವುದು ಅಪ್ಪ ಹಾಕಿಕೊಟ್ಟ ರೂಢಿ. ಹತ್ತೊಂಬತ್ತು ವರ್ಷಗಳಿಂದ ಬಳ್ಳಾರಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಇದ್ದೇನೆ. ಸತ್ಯನಾರಾಯಣಪೇಟೆಯ ಬಾಡಿಗೆ ಮನೆಯಿಂದ ನಡೆದುಕೊಂಡೇ ಹೋಗಿಬರುತ್ತೇನೆ. ಪೊರೆ ಬಂದ ಕಣ್ಣಿನ ಆಪರೇಷನ್ನಿಗೆ ಬೇಕಾದ ಉಪಕರಣಗಳನ್ನು ಡಾಕ್ಟರ ಕೈಗೆ ಒಂದೊಂದಾಗಿ ಕೊಡುವುದು ನನ್ನ ಕೆಲಸ. ಆಮೇಲೆ ಅವನ್ನು ತೊಳೆಯುವುದೂ ನಾನೇ.

ಪ್ರವಾಸದ ಕಾರಣ ಹೇಳದೆ ಪ್ರವಾಸ ಹೇಳಲಾರೆ. ಹೋಗುವುದಕ್ಕೆ ಏಳು ತಿಂಗಳ ಹಿಂದೆ, ಉಚಿತ ಆಪರೇಷನ್ ಕ್ಯಾಂಪಿನ ದಿನ, ಕುರುಗೋಡಿನ ಹನುಮಕ್ಕ ಎಂಬುವರ ಎಡಗಣ್ಣಿಗೆ ಆಪರೇಷನ್ ನಡೆದಿತ್ತು. ಅರವತ್ತರ ಆಸುಪಾಸಿನ ಹೆಂಗಸು. ಬಳ್ಳಾರಿಯ ಜೀನ್ಸ್ ಕಾರ್ಖಾನೆಯಿಂದ ಪ್ಯಾಂಟುಗಳನ್ನು ತರಿಸಿಕೊಂಡು ಮನೆಯಲ್ಲಿ ಕೂತು ಹೊಲಿಗೆಯ ಹೆಚ್ಚುವರಿ ದಾರ ಕತ್ತರಿಸುತ್ತಿದ್ದರು. ನಮ್ಮ ಕಣ್ಣಿನೊಳಗಿನ ಮಸೂರ ಒಂದು ಚೀಲದಲ್ಲಿ ಕೂತಿರುತ್ತದೆ. ಮಂಜಾದ ಮಸೂರವನ್ನು ತೆಗೆದು, ಉಳಿದ ಚೂರುಪಾರನ್ನು ಕ್ಯಾನುಲಾ ಎಂಬ ಸೂಜಿಯಂಥ ನಳಿಗೆಯಿಂದ ಹೀರಿ, ಅದೇ ಚೀಲದಲ್ಲಿ ಹೊಸ ಮಸೂರ ಕೂರಿಸುತ್ತಾರೆ. ಚೀಲದ ಹಿಂಬದಿ ಈರುಳ್ಳಿಯ ಒಳಪೊರೆಗಿಂತ ಬಹಳ ತೆಳು. ಅಂದು ಚೂರು ಹೀರುವಾಗ ಅದು ಹರಿಯಿತು. ಅದರ ಹಿಂದಿರುವ ಲೋಳೆ ಮುಂದಕ್ಕೆ ನುಗ್ಗಿತು. ಮೇಡಂ ಎಷ್ಟೇ ಪ್ರಯತ್ನಪಟ್ಟರೂ, ಮುಂದೆ ಬೆಂಗಳೂರಿನಲ್ಲಿ ಇನ್ನೊಂದು ಆಪರೇಷನ್ ಆದರೂ, ಆ ಕಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಚೀಲ ಹರಿದದ್ದನ್ನು ಮೇಡಂ ಮನೆಯವರಿಗೆ ಅಂದೇ ಹೇಳಿದರು. ಆದರೆ ಅಂದು ಸಂಜೆ ನಾನು ಆ ಕ್ಯಾನುಲಾವನ್ನು ಹತ್ತಿಯಿಂದ ಒರಸಿದಾಗ ಹತ್ತಿಯ ಒಂದು ಎಳೆ ತುದಿಗೆ ಸಿಕ್ಕಿಕೊಂಡಿತು. ಮೈಕ್ರೋಸ್ಕೋಪಿನ ಕೆಳಗೆ ಹಿಡಿದೆ. ಹೀರುವ ತೂತಿನ ಅಂಚಿನಲ್ಲಿ ಒಂದು ಮುಳ್ಳು ಎದ್ದಿತ್ತು. ಬರಿಗಣ್ಣಿಗೆ ಅದು ಇಲ್ಲವೇ ಇಲ್ಲ.

ಮೇಡಂ ಅವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಇದರಿಂದನ ಆಗೈತಿ ಅಂತ ಹೆಂಗ್ ಹೇಳಾಕ ಬರ್ತೈತಿ?" ಎಂದರು. ಮತ್ತೆ ಬಗ್ಗಿ ನೋಡಿ, "ಅಲ್ಲ ಅಂತನೂ ಹೆಂಗ್ ಹೇಳೂದು?" ಎಂದರು. ಜರ್ಮನಿಯಲ್ಲಿದ್ದ ಅದರ ತಯಾರಕರಿಗೆ ಪತ್ರ ಬರೆದರು. ಆ ಉಪಕರಣ ಹೇಗೆ ಬದಲಾದರೆ ಒಳ್ಳೆಯದು ಎಂದು ಮೇಡಂ ಎಷ್ಟೋ ವರ್ಷಗಳಿಂದ ಚಿತ್ರ ಬರೆದು ಇಟ್ಟುಕೊಂಡಿದ್ದರು; ಅದನ್ನೂ ಕಳಿಸಿದರು. ತೆಗೆದುಕೊಂಡು ಬನ್ನಿ, ಜೊತೆಗೆ ಕೂತು ನೋಡೋಣ ಎಂದು ಉತ್ತರ ಬಂತು.

ಮುಳ್ಳಿನ ವಿಷಯ ಹನುಮಕ್ಕನಿಗೆ ನಾವು ಹೇಳಿರಲಿಲ್ಲ. ಸುಳ್ಳು ಆಡಬಾರದು ಎಂದು ದಿನಾ ಬೆಳಿಗ್ಗೆ ಹೇಳಿಕೊಳ್ಳುವವಳು ನಾನು. ನಾನೇನೂ ಸುಳ್ಳು ಆಡಿರಲಿಲ್ಲ, ನಿಜ. ಸುಮ್ಮನಿದ್ದೆ.

ಫ್ರಾಂಕ್‌ಫರ್ಟ್

ವಿಮಾನದಿಂದ ಇಳಿದ ಮೇಲೆ ಅಲ್ಲಿಯ ಕಸ್ಟಮ್ಸಿನವರು ನನ್ನನ್ನೇ ಪಕ್ಕಕ್ಕೆ ಕರೆದರು. ಕೈಚೀಲದಲ್ಲಿ ಒಂದು ಡಬ್ಬಿಯ ತುಂಬ ಒಣಗಿದ ಜೋಳದ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಚಟ್ನಿಪುಡಿ, ಮೂರನೆಯ ಸಣ್ಣ ತಗಡಿನ ಡಬ್ಬಿಯಲ್ಲಿ ಹತ್ತಿಯೊಳಗೆ ಮಲಗಿಸಿದ ಆ ಕ್ಯಾನುಲಾ. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಇಟ್ಟರು. ಕ್ಯಾನುಲಾ ನೋಡಿ ಮಾತ್ರ ಅಧಿಕಾರಿಯ ಹುಬ್ಬು ಗಂಟಾಯಿತು. ಸೂಜಿ, ಪುಡಿ, ಒಂಟಿ ಹೆಂಗಸು. ಅವರು ಏನು ಅಂದುಕೊಂಡಿರಬಹುದು ಎಂದು ಈಗ ಅರ್ಥವಾಗುತ್ತದೆ.

ನನ್ನ ಇಂಗ್ಲಿಷ್ ಅಷ್ಟು ಹೊತ್ತಿಗೆ ಗಂಟಲಲ್ಲೇ ಒಣಗಿತ್ತು. ನಾನು ನನ್ನ ಕಣ್ಣು ತೋರಿಸಿದೆ. ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ, ಇನ್ನೊಂದು ಕೈಯಿಂದ ಏನೋ ತೆಗೆದು ಏನೋ ಇಡುವ ಅಭಿನಯ ಮಾಡಿದೆ. ಅವರು ತಲೆ ಓರೆ ಮಾಡಿ ನೋಡಿದರು. ಆಮೇಲೆ ತಮ್ಮ ಎದೆಯ ಮೇಲೆ ಕೈಯಿಟ್ಟು, "ಮಾಮಾ," ಎಂದು, ಎರಡು ಬೆರಳು ಎತ್ತಿ ತಮ್ಮ ಎರಡೂ ಕಣ್ಣು ತೋರಿಸಿದರು. ಅವರ ತಾಯಿಗೆ ಎರಡೂ ಕಣ್ಣಿನ ಆಪರೇಷನ್ ಆಗಿದೆ ಎಂದು ತಿಳಿಯಲು ನನಗೆ ಭಾಷೆ ಬೇಕಾಗಲಿಲ್ಲ. ಅವರು ಹತ್ತಿಯನ್ನು ನಾನು ಇಟ್ಟಿದ್ದಕ್ಕಿಂತ ನಾಜೂಕಾಗಿ ಮಡಚಿ ಡಬ್ಬಿ ಮುಚ್ಚಿ ಕೊಟ್ಟರು.

ರೈಲು

ಮೇಡಂ ಬರೆದುಕೊಟ್ಟ ಚೀಟಿಯ ಪ್ರಕಾರ ಎರಡು ರೈಲು ಬದಲಿಸಿ ಮೂರನೆಯದರಲ್ಲಿ ಕೂತೆ. ಅಲ್ಲಿಯ ರೈಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಕಡೆ ಸಿರುಗುಪ್ಪದಿಂದ ತೆಕ್ಕಲಕೋಟೆಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಪಕ್ಕದವರಿಗೆ ನಮ್ಮ ಮಕ್ಕಳ ಹೆಸರು ಗೊತ್ತಾಗಿರುತ್ತದೆ. ಇಲ್ಲಿ ಒಂದು ಗಂಟೆ ಎದುರು ಕೂತಿದ್ದ ಮುದುಕಿ ತಾನಾಗಿ ತುಟಿ ಬಿಚ್ಚಿರಲಿಲ್ಲ.

ಒಂದು ಸಣ್ಣ ಸ್ಟೇಷನ್ನಿನಲ್ಲಿ ಏನೋ ಪ್ರಕಟಣೆ ಆಯಿತು. ಮುದುಕಿ ಥಟ್ಟನೆ ತಲೆಯೆತ್ತಿ ನನ್ನನ್ನು ಏನೋ ಕೇಳಿದರು. ನಾನು ಚೀಟಿ ತೋರಿಸಿದೆ. ಓದಿದವರೇ ನನ್ನ ಸೂಟ್‌ಕೇಸಿನ ಹಿಡಿ ಹಿಡಿದು ಬಾಗಿಲ ಕಡೆ ನಡೆದರು. ನಾನು ಗಾಬರಿಯಾಗಿ ಹಿಂದೆ ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಡಬ್ಬಿ ಮುಂದಕ್ಕೆ ಓಡಿ, ನನ್ನನ್ನು ಹತ್ತಿಸಿ, ಸೂಟ್‌ಕೇಸು ಒಳಗೆ ತಳ್ಳಿ, ಉಸಿರು ಬಿಡುತ್ತ ತಮ್ಮ ಡಬ್ಬಿಗೆ ವಾಪಸ್ ಓಡಿದರು. ಬಾಗಿಲು ಮುಚ್ಚಿತು. ಕಿಟಕಿಯಿಂದ ನೋಡಿದರೆ ಹಿಂದಿನ ಅರ್ಧ ರೈಲು ಕಳಚಿಕೊಂಡು ಅಲ್ಲೇ ನಿಂತಿದೆ. ಗುಂತಕಲ್ಲಿನಲ್ಲಿ ಡಬ್ಬಿ ಕಳಚಿ ಜೋಡಿಸುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದವಳು ನಾನು. ಆದರೂ ಒಂದೇ ರೈಲು ಎರಡಾಗಿ ಎರಡು ಊರಿಗೆ ಹೋದೀತು ಎಂದು ಹೊಳೆದಿರಲಿಲ್ಲ. ಆ ತಾಯಿಗೆ ಕೈಮುಗಿಯುವುದಕ್ಕೂ ಆಗಲಿಲ್ಲ.

ಟುಟ್‌ಲಿಂಗೆನ್, ಮೊದಲ ದಿನ

ಟುಟ್‌ಲಿಂಗೆನ್ ಜರ್ಮನಿಯ ದಕ್ಷಿಣದ ಸಣ್ಣ ಊರು. ತಲೆಮಾರುಗಳಿಂದ ಅಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನೇ ಮಾಡುತ್ತಾರೆ. ರಸ್ತೆ ದಾಟಲು ಕೆಂಪು ದೀಪ ಇದ್ದರೆ, ಕಣ್ಣು ಹಾಯಿಸುವಷ್ಟು ದೂರ ಒಂದೂ ವಾಹನ ಇಲ್ಲದಿದ್ದರೂ, ಜನ ನಿಂತೇ ಇರುತ್ತಾರೆ. ಮೊದಲ ದಿನ ನಾನು ಬಳ್ಳಾರಿಯ ರಾಯಲ್ ಸರ್ಕಲ್ ದಾಟುವ ಹಾಗೆ ದಾಟಿಬಿಟ್ಟೆ. ಆ ಕಡೆ ನಿಂತಿದ್ದ ತಂದೆಯೊಬ್ಬರು ನನ್ನನ್ನು ಬೈಯಲಿಲ್ಲ. ತಮ್ಮ ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಬಿಳಿ ಕೋಟಿನ, ನನ್ನ ವಯಸ್ಸಿನ ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದರು. ನಾನು ತಡವರಿಸಿ ಬಳ್ಳಾರಿ ಎಂದೆ. ಅವರು ತಟ್ಟನೆ, "ಬಳ್ಳಾರಿನಾ ಅಕ್ಕಾ? ಮಾದಿ ಆದೋನಿ!" ಎಂದರು, ನಮ್ಮದು ಆದೋನಿ ಎಂದು ತೆಲುಗಿನಲ್ಲಿ. ಆದೋನಿ ಎಂದರೆ ಸಿರುಗುಪ್ಪದಿಂದ ಗಡಿಯಾಚೆ, ಬಸ್ಸಿನಲ್ಲಿ ಹೋಗಿ ಸಂತೆ ಮಾಡಿ ಬರುವಷ್ಟು ಹತ್ತಿರ. ಅವರ ಹೆಸರು ಲಲಿತಾ. ಮದುವೆಯಾಗಿ ಅಲ್ಲೇ ನೆಲೆಸಿ, ಆ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವ ಇಂಜಿನಿಯರ್. ನಾನು ಅಲ್ಲಿದ್ದಷ್ಟೂ ದಿನ ಅಲ್ಲಿನವರ ಜರ್ಮನ್ ಮಾತು ಲಲಿತಾ ಬಾಯಲ್ಲಿ ತೆಲುಗಾಗಿ ನನ್ನ ಕಿವಿಗೆ ಬಿತ್ತು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೆಲಸದ ಹಿರಿಯರನ್ನು ಅಲ್ಲಿ ಮೈಸ್ಟರ್ ಎನ್ನುತ್ತಾರೆ. ನನಗೆ ಅದು ಮೇಸ್ತ್ರಿ ಎಂದೇ ಕೇಳಿತು, ಹಾಗೆಯೇ ಕರೆದೆ. ಮೂವತ್ತೆಂಟು ವರ್ಷ ಅದೇ ಮೇಜಿನ ಹಿಂದೆ ಕೂತ ಮನುಷ್ಯ. ದೊಡ್ಡ ಕೈ, ಕಡಿಮೆ ಮಾತು. ನಾನು ಡಬ್ಬಿ ಕೊಟ್ಟೆ. ಅವರು ಕ್ಯಾನುಲಾವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನಿಧಾನವಾಗಿ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು. ಪಕ್ಕದ ಪರದೆಯ ಮೇಲೆ ಮುಳ್ಳು ಬೆರಳಷ್ಟು ದೊಡ್ಡದಾಗಿ ಕಂಡಿತು.

ಆ ಕ್ಷಣದಲ್ಲಿ ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದನ್ನು ಹೇಳಿಬಿಡುತ್ತೇನೆ. ಇದು ಇವರದೇ ತಪ್ಪಾಗಿರಲಿ. ಮಾಡುವಾಗಲೇ ಉಳಿದ ಮುಳ್ಳಾಗಿರಲಿ.

ಮೇಸ್ತ್ರಿ ಬೆರಳಿನಿಂದ ಪರದೆ ತೋರಿಸಿದರು. "ಮುಳ್ಳು ಒಳಗಿನಿಂದ ಹೊರಕ್ಕೆ ಮಡಚಿದೆ. ಒಳಗೆ ಉದ್ದಕ್ಕೂ ಗೀರು ಇದೆ, ನೋಡಿ. ನಳಿಗೆಯೊಳಗೆ ಯಾರೋ ಉಕ್ಕಿನ ತಂತಿ ಹಾಕಿದ್ದಾರೆ. ಒಂದು ಸಲ ಅಲ್ಲ, ಬಹಳ ಸಲ."

ಲಲಿತಾ ತೆಲುಗಿನಲ್ಲಿ ಹೇಳಿ ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಕ್ಯಾಂಪಿನ ದಿನಗಳಲ್ಲಿ ಸಾಲಾಗಿ ಆಪರೇಷನ್ ಇರುತ್ತವೆ. ಸಲೈನಿನ ಉಪ್ಪು ಒಣಗಿ ತೂತು ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಲು ಹೊತ್ತಿರುವುದಿಲ್ಲ. ನಾನು ಒಂದು ತೆಳು ತಂತಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ತೂರಿಸಿ ಎರಡು ಸಲ ಆಡಿಸಿದರೆ ತೂತು ಬಿಚ್ಚುತ್ತಿತ್ತು. ಈ ಉಪಾಯವನ್ನು ನನಗೆ ಯಾರೂ ಕಲಿಸಿರಲಿಲ್ಲ. ನಾನೇ ಕಂಡುಕೊಂಡು, ಜಾಣತನ ಎಂದುಕೊಂಡಿದ್ದೆ.

"ತಂತಿ ಹಾಕಿದ್ದು ನಾನು," ಎಂದೆ. ಕನ್ನಡದಲ್ಲೇ ಅಂದುಬಿಟ್ಟೆ. ಲಲಿತಾ ನನ್ನ ಮುಖ ನೋಡಿದರು, ಮೇಸ್ತ್ರಿಗೆ ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ ಎಂದು ಕಾಣುತ್ತದೆ. ಮೇಸ್ತ್ರಿ ಎದ್ದು ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು.

ಎರಡನೇ ದಿನ

ಹೋಟೆಲಿನ ಕೋಣೆಯಲ್ಲಿ ಬೆಳಿಗ್ಗೆ ಎದ್ದಾಗ ಪಂಚಶೀಲ ಬಾಯಿಗೆ ಬರಲಿಲ್ಲ. ಹಾಗೆಯೇ ಕಾರ್ಖಾನೆಗೆ ಹೋದೆ.

ಮೇಸ್ತ್ರಿ ಮೇಡಂ ಅವರ ಚಿತ್ರವನ್ನು ಮೇಜಿನ ಮೇಲೆ ಹರಡಿದ್ದರು. ತೂತಿನ ಅಂಚು ಇನ್ನಷ್ಟು ದುಂಡಗಿರಬೇಕು, ತೂತು ತುದಿಯಿಂದ ಸ್ವಲ್ಪ ಹಿಂದೆ ಸರಿಯಬೇಕು ಎಂದು ಮೇಡಂ ಬರೆದಿದ್ದರು. ಮೇಸ್ತ್ರಿ ಅರೆಯುವ ಪುಡಿ ಹಚ್ಚಿದ ದಾರವೊಂದನ್ನು ಹೊಸ ನಳಿಗೆಯ ತೂತಿನಲ್ಲಿ ಪೋಣಿಸಿ ಅತ್ತಿಂದಿತ್ತ ಎಳೆಯತೊಡಗಿದರು. ಒಂದೇ ಅಂಚು ನಯ ಮಾಡಲು ಎಷ್ಟೋ ಹೊತ್ತು. ಆಮೇಲೆ ಹತ್ತಿಯ ಮೇಲೆ ತುದಿಯನ್ನು ಎಳೆದು, ಎಳೆ ಸಿಕ್ಕಿತೇ ಎಂದು ನೋಡಿದರು. ಅಂದು ಸಂಜೆ ನನ್ನ ಕೈಯಲ್ಲಿ ತಾನಾಗಿ ಆದದ್ದು ಇಲ್ಲಿ ದಿನದ ಪರೀಕ್ಷೆ.

"ನಾನು ದುಂಡಗೆ ಮಾಡಿಕೊಡುತ್ತೇನೆ," ಎಂದರು. "ಆದರೆ ಮತ್ತೆ ತಂತಿ ಹಾಕಿದರೆ ಮತ್ತೆ ಮುಳ್ಳು. ಅದು ಯಾಕೆ ಕಟ್ಟಿಕೊಳ್ಳುತ್ತದೆ, ಹೇಗೆ ತೊಳೆಯುತ್ತೀರಿ, ಮೊದಲಿನಿಂದ ತೋರಿಸಿ."

ತೋರಿಸಿದೆ. ನೀರಿನ ಬೋಗುಣಿ, ಸಿರಿಂಜು, ನಾನು ನಿಲ್ಲುವ ರೀತಿ, ಹೊತ್ತು ಸಾಲದ ರೀತಿ, ಎಲ್ಲ. ಮೇಸ್ತ್ರಿ ಒಂದೊಂದನ್ನೂ ಕಾಗದದ ಮೇಲೆ ಬರೆದುಕೊಂಡರು. ಕೊನೆಗೆ ಹೇಳಿದರು: "ಇಷ್ಟು ವರ್ಷದಲ್ಲಿ ಈ ಕೋಣೆಗೆ ಎಷ್ಟೋ ದೊಡ್ಡ ಡಾಕ್ಟರುಗಳು ಬಂದಿದ್ದಾರೆ. ತೊಳೆಯುವವರು ಒಬ್ಬರೂ ಬಂದಿರಲಿಲ್ಲ."

ಅಂದು ಆ ನಳಿಗೆಯ ಬುಡ ಬದಲಾಯಿತು. ಹಿಂದಿನಿಂದ ಸಿರಿಂಜು ಸಿಕ್ಕಿಸಿ ನೀರನ್ನು ಉಲ್ಟಾ ತಳ್ಳುವ ಹಾಗೆ ಅದರ ಬಾಯಿಯನ್ನು ಅಗಲ ಮಾಡಿದರು. ತಂತಿಯ ಕೆಲಸವನ್ನು ನೀರೇ ಮಾಡಬೇಕು. ನನ್ನದೂ ಒಂದು ಕೋರಿಕೆ ಇತ್ತು. ತೂತು ಯಾವ ಮಗ್ಗುಲಿಗಿದೆ ಎನ್ನುವುದು ಕೈಗವಸು ಹಾಕಿದ ಬೆರಳಿಗೆ ಗೊತ್ತಾಗುವುದಿಲ್ಲ. ಹಿಡಿಯ ಮೇಲೆ ಅದೇ ಮಗ್ಗುಲಿಗೆ ಒಂದು ಸಣ್ಣ ಉಬ್ಬು ಇದ್ದರೆ, ನೋಡದೆಯೇ ಸರಿಯಾಗಿ ಕೊಡಬಹುದು ಎಂದೆ. ಮೇಸ್ತ್ರಿ ಕಣ್ಣು ಮುಚ್ಚಿ ಹಿಡಿಯನ್ನು ಬೆರಳಲ್ಲಿ ತಿರುಗಿಸಿದರು. ಪೆನ್ಸಿಲಿನಿಂದ ಚಿತ್ರದ ಮೇಲೆ ಒಂದು ಚುಕ್ಕೆ ಇಟ್ಟರು.

ಊಟದ ಹೊತ್ತಿಗೆ ಅವರದು ತಣ್ಣನೆಯ ಬ್ರೆಡ್ಡು, ಚೀಸು. ನಾನು ರೊಟ್ಟಿ ಮುರಿದೆ. ಆ ನಿಶ್ಶಬ್ದ ಕೋಣೆಯಲ್ಲಿ ಕಟಂ ಎಂದು ಸದ್ದಾಗಿ ಎಲ್ಲರೂ ತಿರುಗಿದರು. ಉಪಕರಣ ಏನಾದರೂ ಮುರಿಯಿತೇ ಎಂದು. ಮೇಸ್ತ್ರಿ ಒಂದು ತುಂಡು ಕೇಳಿ, ಚಟ್ನಿಪುಡಿ ಹಚ್ಚಿಕೊಂಡು ತಿಂದರು. ಮೂಗಿನಿಂದ ನೀರು ಬಂತು. ಇನ್ನೊಂದು ತುಂಡು ಕೇಳಿದರು.

ಭಾನುವಾರ, ನದಿ

ಭಾನುವಾರ ಆ ಊರಿನಲ್ಲಿ ಒಂದು ಅಂಗಡಿಯೂ ತೆರೆದಿರುವುದಿಲ್ಲ. ಲಲಿತಾ ನನ್ನನ್ನು ಕಾರಿನಲ್ಲಿ ಹತ್ತಿರದ ಒಂದು ಜಾಗಕ್ಕೆ ಕರೆದೊಯ್ದರು. ಡ್ಯಾನ್ಯೂಬ್ ನದಿ ಆ ಊರಿನ ಮೇಲೆಯೇ ಹಾಯುತ್ತದೆ, ಆದರೆ ಸ್ವಲ್ಪ ಮೇಲ್ಗಡೆ ಬೇಸಿಗೆಯಲ್ಲಿ ಅದು ಇರುವುದೇ ಇಲ್ಲ. ನಾವು ಹೋದದ್ದು ಆಗಸ್ಟಿನಲ್ಲಿ. ಒಂದು ತಿರುವಿನವರೆಗೆ ನೀರು ಹರಿದು ಬರುತ್ತದೆ. ಅಲ್ಲಿ ಕಲ್ಲುಗಳ ಸಂದಿಯಲ್ಲಿ ಗುಳುಗುಳು ಎಂದು ಇಳಿದುಹೋಗುತ್ತದೆ. ಅಲ್ಲಿಂದ ಮುಂದೆ ಬರೀ ಬಿಳಿ ಕಲ್ಲಿನ ಪಾತ್ರ. ಜನ ನಾಯಿ ಹಿಡಿದುಕೊಂಡು ನದಿಯ ನಡುವೆ ನಡೆಯುತ್ತಿದ್ದರು. ಅದೇ ತಿಂಗಳು ನಮ್ಮ ಕೆಂಚನಗುಡ್ಡದಲ್ಲಿ ತುಂಗಭದ್ರೆ ದಡ ತುಂಬಿ, ಹತ್ತಿರ ಹೋಗಲು ಹೆದರಿಕೆ ಹುಟ್ಟಿಸುತ್ತಿರುತ್ತಾಳೆ.

"ನೀರು ಎಲ್ಲಿ ಹೋಗುತ್ತದೆ?" ಎಂದು ಕೇಳಿದೆ.

"ನೆಲದೊಳಗೆ ಹೋಗಿ, ಬಹಳ ದೂರ ಇನ್ನೊಂದು ಕಡೆ ಮೇಲೆ ಬರುತ್ತದಂತೆ," ಎಂದರು ಲಲಿತಾ.

ಒಣ ಕಲ್ಲಿನ ಮೇಲೆ ಕೂತು ನಾನು ಅವರಿಗೆ ಹನುಮಕ್ಕನ ವಿಷಯ ಹೇಳಿದೆ. ಅಂದಿನವರೆಗೆ ಆ ಹೆಸರು ಎತ್ತಿರಲಿಲ್ಲ. ಹೆಸರಿಲ್ಲದ ಪೇಷಂಟಾಗಿಯೇ ಮಾತಾಡಿದ್ದೆ. ಲಲಿತಾ ಪೂರ್ತಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ.

"ಆಮೆಕಿ ತೆಲುಸಾ ಅಕ್ಕಾ?"

ಅವರಿಗೆ ಗೊತ್ತಾ ಎಂದು. ನಾನು ಇಲ್ಲ ಎಂದು ತಲೆಯಾಡಿಸಿದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಆ ಪ್ರಶ್ನೆಯನ್ನು ಕನ್ನಡದಲ್ಲಿ, ತೆಲುಗಿನಲ್ಲಿ ಹೇಳಿಕೊಂಡು ನೋಡಿದೆ. ಯಾವ ಭಾಷೆಯಲ್ಲೂ ಉತ್ತರ ಬೇರೆಯಾಗಲಿಲ್ಲ.

ಕುರುಗೋಡು

ಬಳ್ಳಾರಿಗೆ ಬಂದ ಮರುದಿನ ಮೇಡಂಗೆ ಹೇಳಿದೆ. "ತಪ್ಪು ಅವರದಲ್ಲ ಮೇಡಂ. ನಂದು. ತಂತಿ ಹಾಕಿದ್ದು ನಾನು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲಗೂ ಲಗೂ ಅಂತ ನಿಮ್ಮ ಬೆನ್ನ ಹತ್ತಿದಾಕಿ ನಾನು. ತೂತು ಹೆಂಗ ಅಷ್ಟು ಜಲ್ದಿ ಬಿಚ್ಕೋತೈತಿ ಅಂತ ಒಂದಿನಾನೂ ಕೇಳಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ಹೋಗೂಣ ನಡೀರಿ," ಎಂದರು.

ನಾವು ಕುರುಗೋಡು ಮುಟ್ಟಿದಾಗ ಹನುಮಕ್ಕ ಮನೆಯ ಕಟ್ಟೆಯ ಮೇಲೆ ಕೂತು ಪ್ಯಾಂಟಿನ ಹೊಲಿಗೆಯನ್ನು ಬೆರಳಿನಿಂದ ತಡವಿ ದಾರ ಹುಡುಕುತ್ತಿದ್ದರು. ಬಲಗಣ್ಣಿಗೂ ಪೊರೆ ದಟ್ಟವಾಗಿತ್ತು. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕತ್ತರಿ ತಾಗಿದ ಗಾಯ. ಮಗ ಈರಣ್ಣ ನಮಗೆ ಚಾಪೆ ಹಾಸಿದ.

"ಅಮ್ಮಾ, ನಾನು ಗೌತಮಿ. ಆಪರೇಷನ್ ದಿನ ಡಾಕ್ಟರ್ ಬಾಜೂಕ ನಿಂತು ಸಾಮಾನು ಕೊಟ್ಟಾಕಿ."

"ದನಿ ಗೊತ್ತೈತಿ. ಅಲುಗ್ಯಾಡಬ್ಯಾಡ್ರಿ ಅಂದಾಕಿ ನೀನ ಅಲ್ಲ?"

ಹೇಳಿದೆ. ತಂತಿ, ಮುಳ್ಳು, ಜರ್ಮನಿ, ಎಲ್ಲ. ಮುಳ್ಳಿನಿಂದಲೇ ಹರಿಯಿತು ಎಂದು ಖಚಿತವಾಗಿ ಹೇಳಲಾಗದು, ಆದರೆ ನನ್ನ ಮನಸ್ಸಿಗೆ ಅನುಮಾನವಿಲ್ಲ ಎಂದೂ ಹೇಳಿದೆ. ಮೇಡಂ ಒಂದು ಕಾಗದವನ್ನು ಈರಣ್ಣನ ಕೈಗೆ ಕೊಟ್ಟರು. "ಎಲ್ಲಾ ಬರದು ಸಹಿ ಮಾಡೀನಿ. ಆಸ್ಪತ್ರಿಗೂ ಕೊಟ್ಟೀನಿ. ದೂರು ಕೊಡೂದಿದ್ರ ಇದ ಹಿಡ್ಕೊಂಡು ಕೊಡ್ರಿ."

ಹನುಮಕ್ಕ ಕತ್ತರಿಯನ್ನು ಕೈಯಲ್ಲಿ ತಿರುಗಿಸಿದರು. "ಕತ್ತರಿ ಮೂತಿಗಿ ಮುಳ್ಳೆದ್ರ ಬಟ್ಟಿ ಹರಿತೈತಿ. ಹಂಗ ಅಲ್ಲೇನು?"

"ಹಂಗ ಅಮ್ಮ."

"ಇಷ್ಟ್ ದಿನ ದೇವ್ರಿಗಿ ಬೈದೀನಿ. ನನ್ನ ಹಣಿಬರಕ್ಕ ಬೈದೀನಿ. ನಿನಗ ಒಂದ ಮಾತ ಬೈದಿಲ್ಲ."

"ಬೈರಿ."

"ಈಗ ಬಾಯಿ ಬರವಲ್ದು," ಎಂದರು. "ಹೋಗ್ರಿ ನೀವು."

ಬಂದೆವು. ಜರ್ಮನಿಯಿಂದ ಹೊಸ ಕ್ಯಾನುಲಾಗಳು ಬಂದವು. ಉಬ್ಬು ಬೆರಳಿಗೆ ಸರಿಯಾಗಿ ಸಿಗುತ್ತದೆ. ಈಗ ಪ್ರತಿ ಆಪರೇಷನ್ ಆದಮೇಲೆ ಉಲ್ಟಾ ನೀರು, ಹತ್ತಿಯ ಪರೀಕ್ಷೆ, ಮೈಕ್ರೋಸ್ಕೋಪು. ಕ್ಯಾಂಪಿನ ದಿನ ಮೊದಲಿಗಿಂತ ಕಡಿಮೆ ಕಣ್ಣು ಆಗುತ್ತವೆ. ಮೇಡಂ ಅದಕ್ಕೆ ಒಪ್ಪಿದ್ದಾರೆ.

ಒಂದು ತಿಂಗಳು ಕಳೆದ ಮೇಲೆ ಈರಣ್ಣನ ಫೋನು ಬಂತು. "ಅವ್ವ ಇನ್ನೊಂದು ಕಣ್ಣು ಮಾಡಿಸ್ಕೋತಾಳಂತ್ರಿ. ನಿಮ್ಮ ದವಾಖಾನಿ ಒಲ್ಲೆ ಅಂತಾಳ. ಆದ್ರ ನೀವು ಜೊತಿಗಿ ಬರಬೇಕಂತ್ರಿ."

"ಬೇರೆ ದವಾಖಾನಿಯಾಗ ನನ್ನ ಥಿಯೇಟರ್ ಒಳಗ ಬಿಡಂಗಿಲ್ಲಪ್ಪ."

ಹಿಂದಿನಿಂದ ಹನುಮಕ್ಕನ ದನಿ ಕೇಳಿತು. "ಹೊರಗ ಕೂಡ್ರಾಕ ಬಿಡ್ತಾರಲ್ಲ, ಬಾ ಅನ್ನು. ನಳಗಿ ಹೆಂಗ್ ತೊಳಿತಾರ ಕೇಳಲಿ."

ಹೋದೆ. ಅಲ್ಲಿಯ ಥಿಯೇಟರ್ ಸಿಸ್ಟರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. ಆಕೆಗೆ ಸಿಟ್ಟು ಬಂತು. ನಾನು ನನ್ನ ಕಥೆ ಹೇಳಿದಾಗ ಸಿಟ್ಟು ಇಳಿಯಿತು. ಒಳಗೆ ಹೋಗಿ, ಆ ದಿನಕ್ಕೆಂದು ಇಟ್ಟಿದ್ದ, ಇನ್ನೂ ಬಿಚ್ಚದ ಪ್ಯಾಕೆಟ್ಟು ತಂದು, ಒಳಗಿನ ಹೊಸ ಕ್ಯಾನುಲಾ ತೋರಿಸಿದಳು. ಹನುಮಕ್ಕನಿಗೆ ಹೇಳಿದೆ. "ಹಂಗಾರ ಸರಿ," ಎಂದು ಒಳಗೆ ಹೋದರು.

ಬಾಗಿಲು ಮುಚ್ಚಿತು. ಈರಣ್ಣನ ಪಕ್ಕ ಬೆಂಚಿನ ಮೇಲೆ ಕೂತೆ. ಹತ್ತೊಂಬತ್ತು ವರ್ಷ ಬಾಗಿಲಿನ ಆ ಕಡೆಯೇ ಇದ್ದವಳಿಗೆ, ಈ ಕಡೆ ಗಡಿಯಾರ ಎಷ್ಟು ನಿಧಾನ ಎಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ತೆಗೆದರು. ಹನುಮಕ್ಕ ರೆಪ್ಪೆ ಬಡಿದರು. ಮಗನನ್ನು, ಕಿಟಕಿಯನ್ನು, ಗೋಡೆಯ ಕ್ಯಾಲೆಂಡರನ್ನು ನೋಡಿ ನನ್ನ ಕಡೆ ತಿರುಗಿದರು.

"ನೀನ ಏನು ಆಕಿ? ದನಿ ಕೇಳಿ ದಪ್ಪಾಕಿ ಇರಬೇಕು ಅಂದ್ಕೊಂಡಿದ್ದೆ. ಮುಂದ ಬಾ."

ಹೋಗಿ ಮಂಚದ ಹತ್ತಿರ ನಿಂತೆ. ಅವರು ಅಂಗೈ ಎತ್ತಿ ಹೊಸ ಕಣ್ಣಿಗೆ ಅಡ್ಡ ತಂದರು.

"ಮುಟ್ಟಬ್ಯಾಡ್ರಿ ಅಮ್ಮಾ," ಎಂದೆ.

"ಮುಟ್ಟಂಗಿಲ್ಲ. ಅಲುಗ್ಯಾಡಬ್ಯಾಡ ನೀನು."

ಎಡಗಣ್ಣನ್ನು ಅಗಲಿಸಿ ನಾನಿದ್ದ ಕಡೆಗೆ ಬಹಳ ಹೊತ್ತು ನೋಡಿದರು.

"ಈ ಕಣ್ಣಾಗ ನೀ ಇಲ್ಲ," ಎಂದರು. ಅಂಗೈ ಇಳಿಸಿದರು. "ಈಗ ಅದೀ."

ನಾನು ಅಲುಗಾಡದೆ ನಿಂತೆ.